ಕ್ಯಾರವಾನಿಗೆ ಮಡಚುವ ಮೆಟ್ಟಿಲು: ಕಾರವಾರದಲ್ಲಿ ಕೂರಿಸಿದ ಬಗೆ

ಕ್ಯಾರವಾನ್ ಕಟ್ಟಿಸುವವರು ಹಾಸಿಗೆ, ಅಡುಗೆ ಕಟ್ಟೆ, ಎಸಿ, ಸೋಲಾರ್ ಎಲ್ಲದಕ್ಕೂ ತಲೆ ಕೆಡಿಸಿಕೊಳ್ಳುತ್ತಾರೆ. ಹತ್ತಿ ಇಳಿಯುವ ಮೆಟ್ಟಿಲನ್ನು ಮಾತ್ರ ಕೊನೆಗೆ ವೆಲ್ಡಿಂಗ್ ಅಂಗಡಿಯವನ ಮರ್ಜಿಗೆ ಬಿಡುತ್ತಾರೆ. ಅವನು ಬಸ್ಸಿನ ಫುಟ್‌ಬೋರ್ಡಿನ ಲೆಕ್ಕದಲ್ಲಿ ಒಂದು ಕಬ್ಬಿಣದ ಚೌಕಟ್ಟು ಬೆಸೆದು ಕೊಡುತ್ತಾನೆ. ಕಾರವಾರದ ಉಪ್ಪುಗಾಳಿಯಲ್ಲಿ ಅದು ಎರಡನೇ ಮಳೆಗಾಲ ಕಾಣುವಷ್ಟರಲ್ಲಿ ಪಿನ್ನುಗಳು ತುಕ್ಕು ಹಿಡಿದು, ಎಳೆದರೆ ಬರುವುದಿಲ್ಲ, ಬಂದರೆ ಒಳಗೆ ಹೋಗುವುದಿಲ್ಲ. ಲಘು ಟ್ರಕ್ಕಿನ ಚಾಸಿಯ ಮೇಲೆ ಕಟ್ಟಿದ ಕ್ಯಾರವಾನೊಂದಕ್ಕೆ ಅಂಥ ಹಳೆಯ ಮೆಟ್ಟಿಲು ಕಿತ್ತು ಹೊಸದು ಕೂರಿಸಿದ ಕೆಲಸದ ವಿವರ ಇಲ್ಲಿದೆ. ಕಿಟ್ ಹೊರಗಿನಿಂದ ತರಿಸಿದ್ದು. ಕೂರಿಸುವ ಕೆಲಸ ಮಾತ್ರ ಪೂರ್ತಿ ಇಲ್ಲಿಯದು, ಅದರಲ್ಲೂ ಅರ್ಧ ವಿದ್ಯೆ ದೋಣಿ ರಿಪೇರಿಯವರಿಂದ ಬಂದದ್ದು.

ಮೊದಲ ಪ್ರಶ್ನೆ ಯಾವ ಜಾತಿಯ ಮೆಟ್ಟಿಲು ಎಂಬುದು. ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆ. ಬಾಗಿಲ ಕೆಳಗೆ ನೇತಾಡುವಂತೆ ಬೋಲ್ಟು ಮಾಡಿ, ಕೈಯಿಂದ ಎಳೆದು ಬಿಡಿಸುವಂಥದು ಒಂದು. ಅದೇ ಜಾಗದಲ್ಲಿ 12 ವೋಲ್ಟ್ ಮೋಟರಿನಿಂದ ಹೊರಬರುವಂಥದು ಇನ್ನೊಂದು. ಯುರೋಪಿನ ವ್ಯಾನುಗಳಲ್ಲಿ ಕಾಣುವ ಥೂಲೆ ಸ್ಲೈಡ್‌ಔಟ್ ಸ್ಟೆಪ್ ಈ ಗುಂಪಿನದು. ಮೂರನೆಯದು ಅಮೆರಿಕದ ಟ್ರೇಲರುಗಳಲ್ಲಿ ಚಾಲ್ತಿಗೆ ಬಂದದ್ದು: ಮೆಟ್ಟಿಲುಗಳು ಹಾರ್ಮೋನಿಯಂ ತಿದಿಯಂತೆ ಒಂದರ ಮೇಲೊಂದು ಮಡಚಿಕೊಂಡು, ಇಡೀ ಕಟ್ಟು ಮೇಲೆದ್ದು ಬಾಗಿಲ ಒಳಗೇ ನಿಲ್ಲುತ್ತದೆ. ಬಿಡಿಸಿದಾಗ ಕೆಳಗಿನ ಮೆಟ್ಟಿಲಿನ ಎರಡು ಕಾಲುಗಳು ನೆಲಕ್ಕೆ ಊರುತ್ತವೆ. ಲಿಪ್ಪರ್ಟ್ ಕಂಪನಿಯ ಸಾಲಿಡ್‌ಸ್ಟೆಪ್, ಮೋರ್‌ರೈಡ್ ಕಂಪನಿಯ ಸ್ಟೆಪ್‌ಅಬವ್ ಎಂಬುವು ಈ ಜಾತಿಯವು.

ನೇತಾಡುವ ಮೆಟ್ಟಿಲಿನ ತಾಪತ್ರಯ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಬೋಲ್ಟುಗಳ ಎರಡು ಸಾಲಿನ ನಡುವೆ 250 ಮಿ.ಮೀ. ಅಂತರ ಇದೆ ಎನ್ನಿ. 90 ಕೆ.ಜಿ. ತೂಕದವರು ಹೊರಸಾಲಿನಿಂದ 600 ಮಿ.ಮೀ. ಆಚೆ, ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದಾರೆ. ಆಗ ಹೊರಸಾಲಿನ ಬೋಲ್ಟುಗಳನ್ನು ಕೆಳಕ್ಕೆ ಎಳೆಯುವ ಬಲ 90 × 850 ÷ 250, ಅಂದರೆ 306 ಕೆ.ಜಿ. ತೂಕದಷ್ಟು. ಒಳಸಾಲಿನ ಕಡೆ ಚೌಕಟ್ಟು 216 ಕೆ.ಜಿ.ಯಷ್ಟು ಬಲದಲ್ಲಿ ನೆಲದ ತಳವನ್ನು ಮೇಲಕ್ಕೆ ಒತ್ತುತ್ತದೆ. ಇದು ಸುಮ್ಮನೆ ನಿಂತಾಗ. ಧಡ್ಡನೆ ಇಳಿದರೆ ಇನ್ನೂ ಹೆಚ್ಚು. ದಿನಕ್ಕೆ ಹತ್ತಾರು ಸಲ ಹೀಗೆ ಹಿಸುಕಿಸಿಕೊಂಡ ಪ್ಲೈವುಡ್ ನೆಲ ಬಾಗಿಲ ಬುಡದಲ್ಲೇ ಮೊದಲು ಸಡಿಲವಾಗುತ್ತದೆ. ಮೇಲಿಂದ ದೇವಿಮನೆ ಘಟ್ಟದಂಥ ರಸ್ತೆಯಲ್ಲಿ, ಹಳ್ಳಿಯ ಎತ್ತರದ ಹಂಪುಗಳಲ್ಲಿ, ತಳದಲ್ಲಿ ಜೋತುಬಿದ್ದದ್ದು ನೆಲಕ್ಕೆ ಉಜ್ಜುವ ಭಯ ಬೇರೆ. ಚಕ್ರ ಎರಚುವ ಕೆಮ್ಮಣ್ಣಿನ ಕೆಸರೆಲ್ಲ ನೇರ ಅದರ ಕೀಲುಗಳಿಗೇ.

ಮೋಟರ್ ಮೆಟ್ಟಿಲು ಸೊಗಸು, ಆದರೆ ಕರಾವಳಿಯಲ್ಲಿ ನಾವು ಅದರ ಸಹವಾಸಕ್ಕೆ ಹೋಗಲಿಲ್ಲ. ಗೇರ್‌ಬಾಕ್ಸು, ಬಾಗಿಲ ಸ್ವಿಚ್ಚು, ಕನೆಕ್ಟರು ಎಲ್ಲವೂ ಗಾಡಿಯ ತಳದಲ್ಲಿ ಉಪ್ಪುನೀರಿಗೆ ಒಡ್ಡಿಕೊಂಡಿರುತ್ತವೆ. ಹಾಕಿಸಲೇಬೇಕು ಎನ್ನುವವರಿಗೆ ಒಂದೇ ಮಾತು: ತಂತಿ ದಪ್ಪ ಇರಲಿ. ಬ್ಯಾಟರಿಯಿಂದ 6 ಮೀಟರ್ ದೂರ, 10 ಆಂಪಿಯರ್ ಕರೆಂಟು ಎಂದರೆ 2.5 ಚದರ ಮಿ.ಮೀ. ತಾಮ್ರದಲ್ಲಿ ಹೋಗಿ ಬರುವ ದಾರಿಗೆ 0.9 ವೋಲ್ಟಿನಷ್ಟು ಸೋರಿಹೋಗುತ್ತದೆ. 4 ಚದರ ಮಿ.ಮೀ. ಹಾಕಿದರೆ 0.55ಕ್ಕೆ ಇಳಿಯುತ್ತದೆ. ಬ್ಯಾಟರಿ ಸ್ವಲ್ಪ ಇಳಿದ ರಾತ್ರಿ ಮೆಟ್ಟಿಲು ಅರ್ಧಕ್ಕೆ ನಿಲ್ಲುವುದು ಎಷ್ಟೋ ಸಲ ಮೋಟರಿನ ತಪ್ಪಲ್ಲ, ತಂತಿಯದು.

ಹೀಗಾಗಿ ಆಯ್ಕೆ ಮೂರನೇ ಜಾತಿಗೆ ಬಂತು. ತೂಕ ನೆಲಕ್ಕೆ ಹೋಗಬೇಕು, ಕೀಲುಗಳು ಓಡಾಟದಲ್ಲಿ ಗಾಡಿಯ ಒಳಗಿರಬೇಕು. ಈ ಎರಡು ಸಿಕ್ಕರೆ ಉಳಿದದ್ದನ್ನು ಸಂಭಾಳಿಸಬಹುದು.

ಅಳತೆಗೆ ಅವಸರ ಕೂಡದು. ಸಿಮೆಂಟು ನೆಲದ ಮೇಲೆ ಗಾಡಿ ನಿಲ್ಲಿಸಿ, ಬಾಗಿಲ ಹೊಸ್ತಿಲಿನಲ್ಲಿ ಒಳನೆಲದ ಮೇಲ್ಮೈಯಿಂದ ನೆಲದವರೆಗೆ ಅಳೆಯಬೇಕು. ನೀರಿನ ಟ್ಯಾಂಕು ತುಂಬಿದ್ದಾಗ ಒಮ್ಮೆ, ಖಾಲಿ ಇದ್ದಾಗ ಒಮ್ಮೆ. ಈ ಗಾಡಿಯಲ್ಲಿ ಎರಡರ ನಡುವೆ 25 ಮಿ.ಮೀ. ವ್ಯತ್ಯಾಸ ಬಂತು, ಸರಾಸರಿ ಎತ್ತರ 820. ಆರಾಮಾಗಿ ಹತ್ತಲು ಒಂದೊಂದು ಮೆಟ್ಟಿಲಿನ ಎತ್ತರ 180ರಿಂದ 205 ಮಿ.ಮೀ. ಒಳಗಿರಬೇಕು. 820 ಭಾಗಿಸು 4 ಎಂದರೆ 205. ನಾಲ್ಕನೇ ಹೆಜ್ಜೆ ಗಾಡಿಯ ನೆಲವೇ ಆದ್ದರಿಂದ ಬೇಕಾದ ಮೆಟ್ಟಿಲು ಮೂರು. ಎರಡೇ ಮೆಟ್ಟಿಲಿನ ಕಿಟ್ ಅಗ್ಗಕ್ಕೆ ಸಿಗುತ್ತದೆ ಎಂದು ತಂದರೆ ಒಂದೊಂದು ಹೆಜ್ಜೆ 273 ಆಗುತ್ತದೆ. ಮಂಡಿನೋವಿನ ಅಜ್ಜಿ ಗಾಡಿಯೊಳಗೇ ಉಳಿಯಬೇಕಾಗುತ್ತದೆ.

ಬಾಗಿಲ ಅಗಲವನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ಅಳೆಯಬೇಕು. ಇಲ್ಲಿ ಕಟ್ಟಿದ ಬಾಡಿಗಳ ಚೌಕಟ್ಟು ಮೇಲೆ ಕೆಳಗೆ 5–6 ಮಿ.ಮೀ. ಸೊಟ್ಟ ಇರುವುದು ಮಾಮೂಲು. ಕಿಟ್ ಮಾತ್ರ ಇಂಚಿನ ಲೆಕ್ಕದಲ್ಲಿ, 26 ಇಂಚು, 30 ಇಂಚು ಎಂದು ಬರುತ್ತದೆ. ಎಲ್ಲಿ ಅತಿ ಕಿರಿದೋ ಆ ಅಳತೆಗೆ ಕಿಟ್ ಆರಿಸಬೇಕು. ಇದಕ್ಕಿಂತ ಹೆಚ್ಚು ಜನ ಎಡವುವುದು ಒಳಗಿನ ಜಾಗದಲ್ಲಿ: ಮಡಚಿದ ಕಟ್ಟು ಮೇಲೇಳುವ ದಾರಿಯಲ್ಲಿ ಸೊಳ್ಳೆಪರದೆಯ ಚೌಕಟ್ಟು, ಫ್ರಿಜ್ಜಿನ ಮೂಲೆ, ಬಾಗಿಲ ಒಳಹಿಡಿಕೆ ಯಾವುದೂ ಅಡ್ಡ ಬರಬಾರದು. ಕಿಟ್ ಬರುವ ಮೊದಲೇ ಅದರ ನಕ್ಷೆಯ ಅಳತೆಗೆ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಹೊಸ್ತಿಲ ಮೇಲಿಟ್ಟು ಮೇಲೆ ಕೆಳಗೆ ತಿರುಗಿಸಿ ನೋಡಿದೆವು. ಸೊಳ್ಳೆಪರದೆ 40 ಮಿ.ಮೀ. ಒಳಗೆ ಸರಿಯಬೇಕು ಎಂಬುದು ರಟ್ಟಿನಿಂದಲೇ ಗೊತ್ತಾಯಿತು. ಇನ್ನೊಂದು ವಿಚಾರ: ಅಮೆರಿಕದಲ್ಲಿ ಬಾಗಿಲು ಗಾಡಿಯ ಬಲಕ್ಕೆ, ನಮ್ಮಲ್ಲಿ ಎಡಕ್ಕೆ. ಮೆಟ್ಟಿಲಿಗೆ ಅದರಿಂದ ಬಾಧಕವಿಲ್ಲ, ಜತೆಗೆ ಬರುವ ಕೈಹಿಡಿ ಮಾತ್ರ ಬಾಗಿಲ ಯಾವ ಮಗ್ಗುಲಿಗೆ ಬರುತ್ತದೆ ಎಂದು ಆರ್ಡರ್ ಮಾಡುವಾಗಲೇ ನೋಡಿಕೊಳ್ಳಬೇಕು.

ಕೆಲಸ ಹಿಡಿದದ್ದು ಮಳೆಗಾಲಕ್ಕೆ ಮುಂಚೆ, ಬೇಸಗೆಯಲ್ಲಿ. ಎಪಾಕ್ಸಿ, ಅಂದರೆ ಎರಡು ದ್ರವ ಕಲಸಿದಾಗ ಗಟ್ಟಿಯಾಗುವ ಅಂಟುರಾಳ, ಹಚ್ಚಬೇಕಾದ ಕೆಲಸವನ್ನು ಜೂನಿಗೆ ದೂಡಬಾರದು. ತೇವದ ಗಾಳಿಯಲ್ಲಿ ಅದರ ಮೇಲೆ ಮೇಣದಂಥ ಜಿಡ್ಡು ಪೊರೆ ಕಟ್ಟಿ, ಮುಂದಿನ ಪದರ ಹಿಡಿಯುವುದಿಲ್ಲ.

ಹಳೆಯ ಮೆಟ್ಟಿಲಿನ ಬೋಲ್ಟು ಬಿಚ್ಚುವ ಆಸೆ ಇಟ್ಟುಕೊಳ್ಳಬೇಡಿ. ಗ್ರೈಂಡರಿನಿಂದ ತಲೆ ಹಾರಿಸುವುದೇ ಸರಿ. ಆದರೆ ಅದಕ್ಕೂ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಗ್ಯಾಸ್ ಸಿಲಿಂಡರು ಹೊರಗಿಟ್ಟು, ಡೀಸೆಲ್ ಟ್ಯಾಂಕಿನ ಕಡೆಗೆ ಒದ್ದೆ ಗೋಣಿಚೀಲ ಕಟ್ಟಬೇಕು. ಮೆಟ್ಟಿಲು ಕಳಚಿ ಬಿದ್ದ ಮೇಲೆ ಸ್ಕ್ರೂಡ್ರೈವರ್ ಹಿಡಿದು ಹೊಸ್ತಿಲ ಸುತ್ತ ಪ್ಲೈವುಡ್ಡನ್ನು ಚುಚ್ಚುತ್ತಾ ಬಂದರೆ ನಿಜಸ್ಥಿತಿ ತಿಳಿಯುತ್ತದೆ. ಗಟ್ಟಿ ಇದ್ದಲ್ಲಿ ಟಕ್ಕೆನ್ನುತ್ತದೆ, ಕೊಳೆತಲ್ಲಿ ಮೆತ್ತಗೆ ಒಳಗಿಳಿಯುತ್ತದೆ. ಈ ಗಾಡಿಯಲ್ಲಿ 700 × 300 ಮಿ.ಮೀ. ಜಾಗ ಕೊಳೆತಿತ್ತು. ಕೊಳೆತದ್ದನ್ನು ಕತ್ತರಿಸಿ ತೆಗೆದು ಐಎಸ್ 710 ಮುದ್ರೆಯ 18 ಮಿ.ಮೀ. ಮರೀನ್ ಪ್ಲೈವುಡ್ ತೇಪೆ ಹಾಕಲಾಯಿತು. ಐಎಸ್ 303 ಮುದ್ರೆಯದು ಅಡುಗೆಮನೆ ಕಪಾಟಿಗಾದೀತು, ಇಲ್ಲಿಗೆ ಬೇಡ. ಕತ್ತರಿಸಿದ ಅಂಚಿಗೆ ಎರಡು ಕೈ ಎಪಾಕ್ಸಿ ಕುಡಿಸಲೇಬೇಕು. ಪ್ಲೈವುಡ್ ನೀರು ಕುಡಿಯುವುದು ಮುಖದಿಂದಲ್ಲ, ಅಂಚಿನಿಂದ.

ತೂತಿನ ವಿಚಾರದಲ್ಲಿ ಬೈತಖೋಲ ಬಂದರಿನ ಕಡೆ ದೋಣಿ ಕೆಲಸ ಮಾಡುವ ಮಿಸ್ತ್ರಿಯೊಬ್ಬರ ಮಾತನ್ನು ಹಾಗೇ ಪಾಲಿಸಿದೆವು. ನೇರ ತೂತು ಕೊರೆಯಲು ಹೊರಟ ಹುಡುಗನನ್ನು ತಡೆದು ಅವರು ಹೇಳಿದ್ದು ಇಷ್ಟೆ: "ತಮ್ಮಾ, ಮೊದ್ಲು ದೊಡ್ಡ ತೂತು ಹೊಡಿ, ತುಂಬು, ಆಮೇಲೆ ಸಣ್ಣದು ಹೊಡಿ." ಎಂಟು ಮಿ.ಮೀ. ಬೋಲ್ಟಿಗೆ ಮೊದಲು 14 ಮಿ.ಮೀ. ತೂತು. ಅದರ ತಳಕ್ಕೆ ಟೇಪು ಅಂಟಿಸಿ, ದಪ್ಪಗೆ ಕಲಸಿದ ಎಪಾಕ್ಸಿ ತುಂಬಿ, ಒಂದು ರಾತ್ರಿ ಬಿಟ್ಟು, ಗಟ್ಟಿಯಾದ ಆ ಬಿರಡೆಯ ನಡುಮಧ್ಯೆ 8.5 ಮಿ.ಮೀ. ತೂತು. ಈಗ ಬೋಲ್ಟಿನ ಸುತ್ತ 3 ಮಿ.ಮೀ.ಗೆ ಸ್ವಲ್ಪ ಕಡಿಮೆ ಎಪಾಕ್ಸಿ ಗೋಡೆ ಇರುತ್ತದೆ. ಬೋಲ್ಟಿನ ಗುಂಟ ನೀರು ಇಳಿದರೂ ಮರಕ್ಕೆ ಮುಟ್ಟುವುದಿಲ್ಲ; ನಟ್ಟು ಬಿಗಿದರೆ ಪ್ಲೈವುಡ್ ಹಿಸುಕಿಹೋಗುವುದಿಲ್ಲ. ಎಂಟು ತೂತಿಗೂ ಹೀಗೇ ಮಾಡಿದ್ದು. ತಡ ಆಗುತ್ತದೆ, ಹೌದು. ದೊಡ್ಡ ತೂತಿಗೆ ಮುಂಚೆ 3 ಮಿ.ಮೀ. ಡ್ರಿಲ್ ಬಿಟ್ಟು ತಳದಿಂದ ಒಬ್ಬರು ನೋಡಬೇಕು. ನೀರಿನ ಪೈಪು, ವೈರಿಂಗ್, ಗ್ಯಾಸ್ ಲೈನು ಎಲ್ಲ ಬಾಗಿಲ ಪಕ್ಕದಲ್ಲೇ ಓಡಾಡಿರುತ್ತವೆ. ಚಾಸಿಯ ಉದ್ದನೆಯ ಮುಖ್ಯ ತೊಲೆಗಳಿಗೆ ಮಾತ್ರ ತೂತು ಕೊರೆಯುವುದಾಗಲಿ, ವೆಲ್ಡಿಂಗ್ ತಾಗಿಸುವುದಾಗಲಿ ಕೂಡದು.

ಕಿಟ್ ಜತೆ ಬಂದ ಸ್ಕ್ರೂಗಳು ಮರಕ್ಕೆ ತಿರುಚುವಂಥವು. ಅವನ್ನು ಪಕ್ಕಕ್ಕಿಟ್ಟು ಆರುಪಾರು ಬೋಲ್ಟು ಹಾಕಿ, ನೆಲದ ತಳದಲ್ಲಿ 50 × 5 ಮಿ.ಮೀ. ಸ್ಟೇನ್‌ಲೆಸ್ ಪಟ್ಟಿ ಕೊಟ್ಟೆವು. ಬೋಲ್ಟು ಕೊಳ್ಳುವಾಗ ತಲೆಯ ಮೇಲಿನ ಅಕ್ಷರ ಓದಬೇಕು. ಎ2-70 ಎಂದಿದ್ದರೆ 304 ಜಾತಿಯ ಸ್ಟೇನ್‌ಲೆಸ್, ಎ4-70 ಎಂದಿದ್ದರೆ 316. ಸಮುದ್ರದಂಡೆಗೆ ಬೇಕಾದದ್ದು ಎರಡನೆಯದು. ಅದರಲ್ಲಿರುವ ಎರಡು ಮೂರು ಶೇಕಡಾ ಮಾಲಿಬ್ಡಿನಂ ಉಪ್ಪಿನ ಚುಕ್ಕೆ ತುಕ್ಕನ್ನು ತಡೆಯುತ್ತದೆ. ಮ್ಯಾಗ್ನೆಟ್ ಹಿಡಿದು ಎರಡನ್ನೂ ಬೇರ್ಪಡಿಸಲು ಬರುವುದಿಲ್ಲ, ಯಾರು ಹಾಗೆ ತೋರಿಸಿದರೂ ನಂಬಬೇಡಿ. ಸ್ಟೇನ್‌ಲೆಸ್ ನಟ್ಟಿಗೆ ಇಂಪ್ಯಾಕ್ಟ್ ಗನ್ ಹಚ್ಚಿದರೆ ಎಳೆ ಬಿಸಿಯಾಗಿ ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಕತ್ತರಿಸದೆ ದಾರಿಯಿಲ್ಲ. ಎಳೆಗೆ ಕಚ್ಚಿಕೊಳ್ಳದಂತೆ ತಡೆಯುವ ಆಂಟಿಸೀಝ್ ಲೇಪ ಸವರಿ, ಕೈಪಾನಾದಲ್ಲಿ ನಿಧಾನಕ್ಕೆ ತಿರುಗಿಸಬೇಕು.

ಮೆಟ್ಟಿಲು ಅಲ್ಯೂಮಿನಿಯಂ, ಬೋಲ್ಟು ಸ್ಟೇನ್‌ಲೆಸ್. ನಡುವೆ ಉಪ್ಪುನೀರು ಸೇರಿದರೆ ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಂ. ಬೋಲ್ಟಿನ ಸುತ್ತ ಬಿಳಿ ಪುಡಿ ಕಂಡರೆ ಅದೇ. ಪ್ರತಿ ಬೋಲ್ಟಿಗೂ ನೈಲಾನ್ ಕೊಳವೆ, ಮೇಲೊಂದು ನೈಲಾನ್ ವಾಷರ್ ಹಾಕಿ ಎರಡು ಲೋಹ ತಾಗದಂತೆ ಮಾಡಿದರೆ ಸಾಕು. ಕಿಟ್‌ನಲ್ಲಿದ್ದ ಕೆಲವು ರಿವೆಟ್ಟುಗಳ ಮೇಲೆ ಬರೀ ಸತುವಿನ ಲೇಪವಿತ್ತು. ಅವನ್ನು ಕೊರೆದು ತೆಗೆದು 316ರ ಪಿನ್ನು, ನೈಲಾನ್ ಬುಷ್ ಕೂರಿಸಿಬಿಟ್ಟೆವು. ಟ್ರಾಲರುಗಳ ಕೆಲಸ ಮಾಡುವ ಲೇತ್ ಅಂಗಡಿಗಳಲ್ಲಿ ಇದು ಸಲೀಸು.

ಸಂದು ಮುಚ್ಚುವ ಸೀಲಂಟು ಪಿಯು (ಪಾಲಿಯುರಿಥೇನ್) ಜಾತಿಯದೇ ಆಗಬೇಕು. ಹುಳಿ ವಾಸನೆ ಬರುವ ಅಗ್ಗದ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ಲೋಹವನ್ನು ತಿನ್ನುತ್ತದೆ. ಮೆಟ್ಟಿಲನ್ನು ಹೊಸ್ತಿಲ ಬಳಿ ಒಳನೆಲಕ್ಕೆ ಬಿಗಿಯುವ ಪಾದದ ಚೌಕಟ್ಟಿನ ಕೆಳಗೆ ಸೀಲಂಟನ್ನು ಒಳಬದಿ ಮತ್ತು ಎರಡು ಮಗ್ಗುಲು, ಹೀಗೆ ಮೂರೇ ಕಡೆ ಹಾಕಿ, ಹೊಸ್ತಿಲ ಕಡೆ ಬಿಟ್ಟೆವು. ನಾಲ್ಕೂ ಕಡೆ ಮುಚ್ಚಿದರೆ ಹೇಗೋ ಒಳಹೊಕ್ಕ ನೀರಿಗೆ ಹೊರಬರಲು ಹಾದಿಯಿರುವುದಿಲ್ಲ. ಮೊದಲು ನಟ್ಟನ್ನು ಸೀಲಂಟು 2 ಮಿ.ಮೀ. ದಪ್ಪ ಉಳಿಯುವಷ್ಟೇ ಬಿಗಿದು, ಮಾರನೇ ದಿನ ಪೂರ್ತಿ ಬಿಗಿಯಬೇಕು. ಒಮ್ಮೆಗೇ ಬಿಗಿದರೆ ಎಲ್ಲ ಹೊರಗೆ ಹಿಂಡಿಹೋಗಿ ತಳದಲ್ಲಿ ಏನೂ ಉಳಿಯುವುದಿಲ್ಲ. ಪಿಯು ಗಾಳಿಯ ತೇವದಿಂದಲೇ ಗಟ್ಟಿಯಾಗುವುದರಿಂದ ಕಾರವಾರದ ಸೆಕೆ ಈ ಒಂದು ಕೆಲಸಕ್ಕಾದರೂ ಒದಗಿಬಂತು.

ಪಾದದ ಚೌಕಟ್ಟು ಹೊಸ್ತಿಲಿಗೆ ಸಮಾನಾಂತರವಾಗಿರಬೇಕು. ಒಂದು ತುದಿ 3 ಮಿ.ಮೀ. ಹಿಂದೆ ಹೋದರೂ ಮೇಲೇಳುವಾಗ ಕಟ್ಟು ಒಂದು ಮಗ್ಗುಲಿಗೆ ವಾಲಿ ಬಾಗಿಲ ಚೌಕಟ್ಟಿಗೆ ಉಜ್ಜುತ್ತದೆ. ತೂತು ಕೊರೆಯುವ ಮೊದಲೇ ಕ್ಲಾಂಪ್ ಹಾಕಿ ಮೂರ್ನಾಲ್ಕು ಸಲ ಎತ್ತಿ ಇಳಿಸಿ ನೋಡಿಕೊಳ್ಳಬೇಕು.

ಇನ್ನು ಕಾಲುಗಳು. ಕಾಲಿನ ತೂತುಗಳು 25 ಮಿ.ಮೀ. ಅಂತರದಲ್ಲಿವೆ, ಪಿನ್ನು ತೆಗೆದು ಉದ್ದ ಗಿಡ್ಡ ಮಾಡಬಹುದು. ಮೆಟ್ಟಿಲ ಮೇಲೆ ರಸಮಟ್ಟ ಇಟ್ಟು, ಹೊರಗಿನ ಅಂಚು 2–3 ಮಿ.ಮೀ. ತಗ್ಗಿರುವಂತೆ ಹೊಂದಿಸಬೇಕು. ಕಾಲು ಉದ್ದವಾದರೆ ಮೆಟ್ಟಿಲು ಗಾಡಿಯ ಕಡೆ ವಾಲಿ, ಮಳೆನೀರೆಲ್ಲ ಹೊಸ್ತಿಲಿಗೆ ಬರುತ್ತದೆ. ಗಿಡ್ಡವಾದರೆ ಭಾರ ಮತ್ತೆ ಮೇಲಿನ ಕೀಲಿಗೇ. ಪರೀಕ್ಷೆ ಸುಲಭ: ಎರಡೂ ಕಾಲಿನ ಕೆಳಗೆ ಕಾಗದದ ಚೂರಿಟ್ಟು, ಒಬ್ಬರು ಕೆಳಗಿನ ಮೆಟ್ಟಿಲ ನಡುವೆ ನಿಲ್ಲಲಿ. ಯಾವ ಕಾಗದ ಎಳೆದರೆ ಬರುತ್ತದೋ ಆ ಕಾಲು ಕೆಲಸ ಮಾಡುತ್ತಿಲ್ಲ.

ಸಿಮೆಂಟಿನ ಮೇಲೆ ಇಷ್ಟು ಸಾಕು. ಮಾಜಾಳಿ, ಗೋಕರ್ಣದ ಕಡೆ ಮರಳ ಮೇಲೆ ನಿಲ್ಲಿಸಿದಾಗ ಬೇರೆ ಕಥೆ. ಕಿಟ್‌ನ ಒಂದೊಂದು ಕಾಲಿನ ಅಡಿ 60 ಮಿ.ಮೀ. ಚದರ, ಅಂದರೆ 36 ಚದರ ಸೆಂ.ಮೀ. ಒಂದು ಕಾಲಿನ ಮೇಲೇ 90 ಕೆ.ಜಿ. ಬಿದ್ದರೆ ಚದರ ಸೆಂಟಿಮೀಟರಿಗೆ 2.5 ಕೆ.ಜಿ. ಸಡಿಲ ಮರಳು ಅದನ್ನು ತಾಳುವುದಿಲ್ಲ, ಕಾಲು ಹೂತುಹೋಗುತ್ತದೆ. 750 × 200 ಮಿ.ಮೀ. ಅಳತೆಯ 18 ಮಿ.ಮೀ. ಮರೀನ್ ಪ್ಲೈವುಡ್ ಹಲಗೆಯನ್ನು ಎರಡೂ ಕಾಲಿಗೆ ಅಡ್ಡವಾಗಿ ಕೊಟ್ಟರೆ ಅದು 0.1ಕ್ಕಿಂತ ಕೆಳಗೆ ಬರುತ್ತದೆ. ಬೇರೆ ಬೇರೆ ಎರಡು ತುಂಡಿಗಿಂತ ಒಂದೇ ಹಲಗೆ ಒಳ್ಳೆಯದು. ಒಂದು ಕಾಲು ಮಾತ್ರ ಕುಸಿಯುವ ಪ್ರಶ್ನೆ ಬರುವುದಿಲ್ಲ. ಕಾಲು ಜಾರದಂತೆ ಹಲಗೆಯ ಮೇಲೆ ಎರಡು ಸಣ್ಣ ಪಟ್ಟಿ ಹೊಡೆದಿದ್ದೇವೆ. ಘಟ್ಟದ ಮೇಲೆ ಶಿರಸಿ ಕಡೆಯ ಚಿರೆಕಲ್ಲಿನ ಅಂಗಳದಲ್ಲಿ ಹಲಗೆ ಬೇಡ, ಆದರೆ ಒಂದು ಕಾಲು ಕಲ್ಲಿನ ಮೇಲೆ ಇನ್ನೊಂದು ಮಣ್ಣಿನ ಮೇಲೆ ಬರುತ್ತದೆ. ಆಗ ಎರಡೂ ಕಾಲಿಗೆ ಬೇರೆ ಬೇರೆ ತೂತು ಆರಿಸಬೇಕು.

ಮರಳಲ್ಲಿ ಕಾಣಿಸಿಕೊಳ್ಳುವ ಇನ್ನೊಂದು ಚೋದ್ಯ ಬೆಳಿಗ್ಗೆ ಎದ್ದಾಗ ಗೊತ್ತಾಗುತ್ತದೆ. ರಾತ್ರಿಯಿಡೀ ಗಾಡಿಯ ಚಕ್ರ ನಿಧಾನಕ್ಕೆ ಕುಸಿದಿರುತ್ತದೆ, ಹಲಗೆಯ ಮೇಲಿನ ಮೆಟ್ಟಿಲು ಕುಸಿದಿರುವುದಿಲ್ಲ. ಗಾಡಿಯ ತೂಕದ ಒಂದು ಪಾಲನ್ನು ಆಗ ಮೆಟ್ಟಿಲೇ ಹೊತ್ತು ನಿಂತಿರುತ್ತದೆ. ಕೀಲು ಬಿಗಿದಿರುತ್ತದೆ, ಕಾಲಿನ ಪಿನ್ನು ಬೆರಳಿಗೆ ಅಲುಗುವುದಿಲ್ಲ. ಇಲ್ಲಿ ಸುತ್ತಿಗೆ ತಂದರೆ ಪಿನ್ನು ಸೊಟ್ಟಗಾಗಿ ಶಾಶ್ವತವಾಗಿ ಸಿಕ್ಕಿಕೊಳ್ಳುತ್ತದೆ. ಹಲಗೆಯ ಹೊರ ಅಂಚಿನ ಕೆಳಗಿಂದ ಕೈಯಲ್ಲಿ ಮರಳು ತೋಡಿದರೆ ಸಾಕು, ಹಲಗೆ ತಾನಾಗಿ ಇಳಿದು ಪಿನ್ನು ಸಡಿಲವಾಗುತ್ತದೆ. ಗಾಡಿಯ ಮಟ್ಟ ಸರಿಮಾಡಿ ಆದಮೇಲೆ ಮೆಟ್ಟಿಲು ಇಳಿಸುವುದು, ಹೊರಡುವಾಗ ಎಲ್ಲಕ್ಕಿಂತ ಮೊದಲು ಮೆಟ್ಟಿಲು ಎತ್ತುವುದು ಈ ಕಾರಣಕ್ಕೇ.

ಕೀಲುಗಳಿಗೆ ಎಣ್ಣೆ, ಗ್ರೀಸು ಹಾಕಬಾರದು. ಎಣ್ಣೆಗೆ ಮರಳು ಸೇರಿದರೆ ಬುಷ್ ಅರೆಯುವ ಮಸಾಲೆ ತಯಾರಾದಂತೆ. ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಒಣ ಪಿಟಿಎಫ್‌ಇ (ಟೆಫ್ಲಾನ್) ಸ್ಪ್ರೇ ಹೊಡೆದರೆ ಆಯಿತು. ಮರಳು ಮೆತ್ತಿದ ಮೆಟ್ಟಿಲನ್ನು ಹಾಗೇ ಮಡಚಿ ಒಳಗೆತ್ತಿದರೆ ಕೀಲು ಹಾಳಾಗುವುದಷ್ಟೇ ಅಲ್ಲ, ಅಡುಗೆ ಕಟ್ಟೆಯವರೆಗೂ ಮರಳು. ಬಾಗಿಲ ಪಕ್ಕ ಒಂದು ಗಿಡ್ಡ ಪೊರಕೆ ಸಿಕ್ಕಿಸಿಟ್ಟುಕೊಳ್ಳಿ.

ಈ ಕಿಟ್‌ಗಳನ್ನು ಬೂಟು ಹಾಕಿಕೊಂಡು ಹತ್ತುವವರನ್ನು ನೆನೆದು ಮಾಡಿದ್ದಾರೆ. ನಮ್ಮಲ್ಲಿ ಚಪ್ಪಲಿ ಕೆಳಗೆ ಬಿಟ್ಟು ಬರಿಗಾಲಲ್ಲಿ ಹತ್ತುತ್ತಾರೆ. ಹಲ್ಲು ಹಲ್ಲಾದ ಮೆಟ್ಟಿಲ ಮೇಲ್ಮೈ ಪಾದಕ್ಕೆ ಚುಚ್ಚುತ್ತದೆ; ಉಪ್ಪುಕಾಗದದಂಥ ಜಾರುತಡೆ ಟೇಪು ಇನ್ನೂ ಕೆಟ್ಟದು, ಮೇಲಾಗಿ ಮಳೆಗಾಲದಲ್ಲಿ ಮೂಲೆಯಿಂದ ಏಳುತ್ತದೆ. ಮೆಟ್ಟಿಲ ನಡುಭಾಗಕ್ಕೆ ತೂತುಗಳಿರುವ 6 ಮಿ.ಮೀ. ರಬ್ಬರ್ ಮ್ಯಾಟ್ ಕೂರಿಸಿ, ಹೊರ ಅಂಚಿನ 40 ಮಿ.ಮೀ. ಮಾತ್ರ ಹಲ್ಲಿನ ಮೇಲ್ಮೈ ಹಾಗೇ ಬಿಟ್ಟೆವು. ಟೇಪೇ ಬೇಕೆನ್ನುವವರು ಮೂಲೆಗಳನ್ನು ದುಂಡಗೆ ಕತ್ತರಿಸಿ, ಅಂಚಿಗೆ ತೆಳುವಾಗಿ ಪಿಯು ಸವರಲಿ. ಕೈಹಿಡಿಗೆ 32 ಮಿ.ಮೀ. ಸ್ಟೇನ್‌ಲೆಸ್ ಪೈಪು, ಮೆಟ್ಟಿಲ ಅಂಚಿನಿಂದ 900 ಮಿ.ಮೀ. ಎತ್ತರಕ್ಕೆ. ಇಳಿಯುವಾಗ ಹಿಡಿಯಲು ಬೇಕಾಗುವುದರಿಂದ ಅದು ಬಾಗಿಲಿನಾಚೆ ಸ್ವಲ್ಪ ಹೊರಗೆ ಚಾಚಿರಬೇಕು, ಓಡುವಾಗ ಮಡಚಿ ಬಾಡಿಗೆ ಒತ್ತಿಕೊಳ್ಳಬೇಕು.

ಕಾಗದಪತ್ರದ ಮಾತು ಚಿಕ್ಕದು. ಮೋಟಾರು ಕ್ಯಾರವಾನುಗಳಿಗೆ ಎಐಎಸ್-124 ಎಂಬ ಮಾನದಂಡವಿದೆ. ಒಳಗೆ ಮಡಚುವ ಮೆಟ್ಟಿಲಿನಿಂದ ಗಾಡಿಯ ಅಗಲ ಬದಲಾಗುವುದಿಲ್ಲ. ಹೊರಗೆ ಚಾಚಿಕೊಂಡೇ ಇರುವ ಫುಟ್‌ಬೋರ್ಡ್ ಕೂರಿಸುವವರು ಮಾತ್ರ ನೋಂದಣಿಯಾದ ಆರ್‌ಟಿಒ ಕಚೇರಿಯಲ್ಲಿ, ಕಾರವಾರದ್ದು ಕೆಎ-30, ಶಿರಸಿಯದ್ದು ಕೆಎ-31, ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಈ ಜಾತಿಯ ಮೆಟ್ಟಿಲಿಗೆ ಎರಡು ಕೊರತೆಗಳಿವೆ. ಹೆದ್ದಾರಿ ಬದಿ ಚಹಾಕ್ಕೆ ನಿಲ್ಲಿಸಿದಾಗಲೆಲ್ಲ ಪೂರ್ತಿ ಬಿಡಿಸಿ ಮತ್ತೆ ಮಡಚುವುದು ಬೇಸರ ತರಿಸುತ್ತದೆ. ಆಗ ಚಾಲಕನ ಕಡೆಯ ಬಾಗಿಲೇ ಗತಿ. ಎರಡನೆಯದು ಗಂಭೀರವಾದದ್ದು. ಮಡಚಿ ನಿಂತ ಮೆಟ್ಟಿಲು ಬಾಗಿಲಿಗೆ ಅಡ್ಡ. ಬೆಂಕಿ, ಹೊಗೆ ಎಂದಾಗ ಒಳಗಿದ್ದವರು ಕೊಂಡಿ ಕಳಚಿ ಮೆಟ್ಟಿಲನ್ನು ಹೊರಕ್ಕೆ ನೂಕಿಯೇ ಇಳಿಯಬೇಕು. ಮಲಗುವ ಹೊತ್ತಿಗೆ ಮೆಟ್ಟಿಲು ಹೊರಗೇ ಇರಲಿ, ಹಾಗಿಟ್ಟರೆ ಬಾಗಿಲು ಮುಚ್ಚಲು ಬರದ ವಿನ್ಯಾಸವಾದರೆ ಕೊಂಡಿಯನ್ನಾದರೂ ಬಿಚ್ಚಿಡಿ. ಕೊಂಡಿಗೆ ಕತ್ತಲಲ್ಲಿ ಹೊಳೆಯುವ ಪಟ್ಟಿ ಅಂಟಿಸಿ, ದೀಪ ಆರಿಸಿ ಮನೆಯವರೆಲ್ಲರ ಕೈಯಲ್ಲೂ, ಮಕ್ಕಳ ಕೈಯಲ್ಲೂ, ಒಮ್ಮೆ ತೆಗೆಸಿ ನೋಡಬೇಕು. ಎತ್ತಲು ನೆರವಾಗುವ ಗ್ಯಾಸ್ ಸ್ಟ್ರಟ್ (ಕಾರಿನ ಡಿಕ್ಕಿ ಬಾಗಿಲನ್ನು ಎತ್ತಿ ಹಿಡಿಯುವಂಥ ದಂಡ) ಇರುವ ಕಿಟ್ಟಾದರೆ ಹೊರಕ್ಕೆ ನೂಕಲು ಅಷ್ಟೇ ಹೆಚ್ಚು ಬಲ ಬೇಕು. ಹತ್ತು ವರ್ಷದ ಮಗುವಿಗೆ ಅದು ಆಗದಿದ್ದರೆ ಸ್ಟ್ರಟ್ಟನ್ನೇ ಕಳಚಿಡಿ, ಎತ್ತುವ ಭಾರ ದೊಡ್ಡವರಿಗಿರಲಿ.